ಎತ್ತುಗಳೂ ಕೇಳಲಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಆಗಷ್ಟೇ ಫೋನ್ ತೆಗೆದು ಹೊತ್ತು ನೋಡಿದ್ದೆ. ಚಳ್ಳಕೆರೆಯ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಮಧ್ಯಾಹ್ನಕ್ಕೆ ಮುಂಚೆ ಒಂದು ತರಗತಿ ಇತ್ತು, ಈಗ ಹೊರಟರೆ ಸರಿಹೋಗುತ್ತದೆ ಅಂದುಕೊಂಡು ಫೋನನ್ನು ಬ್ಯಾಗಿಗೆ ಹಾಕಿ ಸ್ಕೂಟರಿನ ಕೀಲಿ ಹುಡುಕುತ್ತಿದ್ದೆ. ಅಲ್ಲಿಯವರೆಗೆ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಸೈರನ್ ಕೂಗಿತು.

ಯಾರು ಕೇಳಿದರೂ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಅವ್ವ ಬೈಯುತ್ತಾಳೆ. "ಮೊದಲಿಂದ ಹೇಳೇ. ನೀನು ಸೈರನ್ ಸೈರನ್ ಅಂದ್ರೆ ಕೇಳೋರಿಗೆ ಏನು ತಿಳೀತೈತೆ?"

ಸರಿ, ಮೊದಲಿನಿಂದ. ನಮ್ಮೂರು ಚಳ್ಳಕೆರೆಗೂ ಮೊಳಕಾಲ್ಮುರಿಗೂ ನಡುವೆ, ಬಳ್ಳಾರಿಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ಇದೆ. ಮೂಡಲಕ್ಕೆ ಒಂದು ಕಲ್ಲುಗುಡ್ಡ, ಪಡುವಲಕ್ಕೆ ದನ ಮೇಯುವ ಕಾವಲು. ಕುದಾಪುರ, ದೊಡ್ಡಉಳ್ಳಾರ್ತಿ ಕಡೆ ಸರ್ಕಾರಿ ಸಂಸ್ಥೆಗಳ ಗೋಡೆಗಳು ಎದ್ದ ಮೇಲೆ ಬಯಲು ಹುಲ್ಲು ಅಂತ ಉಳಿದಿರುವುದು ತುಂಡು ತುಂಡು. ನಮ್ಮ ಕಾವಲೂ ಅಂಥದೊಂದು ತುಂಡು. ಗುಡ್ಡಕ್ಕೂ ಊರಿಗೂ ನಡುವೆ ನಮ್ಮ ದೇವರ ಎತ್ತುಗಳ ರೊಪ್ಪವಿದೆ. ಬಳ್ಳಾರಿ ಜಾಲಿಯ ಮುಳ್ಳು ಪೇರಿಸಿ ಎದೆಮಟ್ಟ ಬೇಲಿ ಕಟ್ಟಿದ ದೊಡ್ಡಿ. ಒಂದೇ ಬಾಯಿ, ಅದು ಮೂಡಲಕ್ಕೆ, ಗುಡ್ಡದ ಕಡೆಗೆ. ಹಸು ಕರು ಸೇರಿ ಇಡೀ ಮಂದೆಗೇ ದೇವರ ಎತ್ತುಗಳು ಎನ್ನುವುದು. ಆ ಎತ್ತುಗಳ ಹೆಗಲಿಗೆ ನೊಗ ಇಡುವಂತಿಲ್ಲ, ಮಾರುವಂತಿಲ್ಲ, ಮೈಮೇಲೆ ಕೋಲು ಬೀಳುವಂತಿಲ್ಲ. ಮುದಿಯಾಗಿ ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಮಣ್ಣು ಮಾಡುತ್ತೇವೆ. ಅವನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ನಮ್ಮೂರ ಕಿಲಾರಿ ನನ್ನ ಅವ್ವನ ತಮ್ಮ, ನನ್ನ ಸೋದರಮಾವ.

ಮಾವ ಮನೆಯಲ್ಲಿ ಮಲಗಿದ್ದನ್ನು ನಾನು ನೋಡಿಲ್ಲ. ಅವನ ಕಂಬಳಿ ರೊಪ್ಪದ ಬಾಯಲ್ಲೇ. ಎತ್ತುಗಳೆಲ್ಲ ಕಾಲು ಮಡಚಿ ಮಲಗಿದ ಮೇಲಷ್ಟೇ ಕಿಲಾರಿ ಕಂಬಳಿ ಹಾಸಬೇಕು, ಅದು ಕಟ್ಟಳೆ. ಚಪ್ಪಲಿ ಹಾಕಿಕೊಂಡು ಯಾರೂ ರೊಪ್ಪದೊಳಕ್ಕೆ ಹೋಗುವಂತಿಲ್ಲ. ಹೆಂಗಸರು ಬೇಲಿಯ ಆಚೆ ನಿಂತೇ ಕೈ ಮುಗಿಯುವುದು.

ಆ ಗುಡ್ಡಕ್ಕೆ ಜಲ್ಲಿ ಕ್ರಷರ್ ಹಾಕುತ್ತೇವೆಂದು ಒಂದು ಕಂಪನಿ ಬಂತು. ಅವರ ಮ್ಯಾನೇಜರ್ ಇನ್ನೂ ಮೂವತ್ತೂ ಆಗಿರದ, ಮೆತ್ತಗೆ ಮಾತಾಡುವ ಮನುಷ್ಯ. ಸಮುದಾಯ ಭವನದ ಮುಂದೆ ಸಭೆ ಸೇರಿಸಿ, ಧೂಳಿಗೆ ನೀರು ಹೊಡೆಸುತ್ತೇವೆ, ರಸ್ತೆಗೆ ಡಾಂಬರು ಹಾಕಿಸುತ್ತೇವೆ ಅಂದ. ಊರು ಅದಕ್ಕೆಲ್ಲ ತಲೆಯಾಡಿಸಿತು. ಮಾತು ಸಿಕ್ಕಿಕೊಂಡದ್ದು ಶಬ್ದದ ಹತ್ತಿರ. ಗುಡ್ಡಕ್ಕೆ ಹತ್ತಿರವಿರುವುದು ನಮ್ಮ ಓಣಿ. ಎದುರು ಮನೆಯಲ್ಲಿ ಬಾಣಂತಿ, ಪಕ್ಕದ ಮನೆಯಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅಜ್ಜ.

"ಅಷ್ಟೇನಿಲ್ಲ ಅಕ್ಕಾ. ನಿಮ್ಮನೆ ಮಿಕ್ಸಿ ಶಬ್ದದಷ್ಟು ಬರ್ತದೆ" ಎಂದ ಮ್ಯಾನೇಜರ್.

"ನಮ್ಮನೆ ಮಿಕ್ಸಿ ಬೆಳಗಿಂದ ಸಂಜಿ ತನಕ ತಿರುಗಲ್ಲಪ್ಪ" ಎಂದಳು ಅವ್ವ. "ಚಟ್ನಿ ಆದ್ಮ್ಯಾಕೆ ಆಫ್ ಮಾಡ್ತೀವಿ."

ಜನ ನಕ್ಕರು. ಅವನೂ ನಕ್ಕ. ಬೇಕಾದರೆ ಒಂದು ದಿನ ಮಿಷನ್ ತಂದು ನಡೆಸಿ ತೋರಿಸುತ್ತೇನೆ, ನೀವೇ ಕಿವಿಯಾರೆ ಕೇಳಿ ಅಂದ. ಆಗ ಯಜಮಾನರು, ನಮ್ಮೂರ ಹಿರಿಯರು, ಎಲೆಯಡಿಕೆ ಉಗಿದು ಬಂದು ಕೂತು ಹೇಳಿದರು:

"ತೋರಿಸ್ರಿ. ಆದ್ರೆ ಸೋಮವಾರ ತೋರಿಸ್ರಿ. ಅವತ್ತು ಎತ್ತುಗಳು ಪೂಜೆ ಆಗೋ ತನಕ ರೊಪ್ಪದಾಗೇ ಇರ್ತಾವೆ. ನಮ್ಗೆ ಮನುಷ್ಯರಿಗೆ ಏನು, ನಾಳೆ ಯಾರೋ ಒಂದು ಮಾತು ಹೇಳಿದ್ರೆ ಕಿವಿ ಕೇಳಿದ್ದನ್ನೂ ಮರೀತೀವಿ. ಎತ್ತುಗಳೂ ಕೇಳಲಿ. ನಿಮ್ಮ ಮಿಷನ್ ಶಬ್ದಕ್ಕೆ ಅವು ಮೆಲುಕು ನಿಲ್ಲಿಸ್ದೆ ನಿಂತ್ರೆ, ನಮ್ದು ಒಪ್ಪಿಗೆ. ನಿಲ್ಲಿಸಿದ್ರೆ ಬಂದ ದಾರೀಲಿ ವಾಪಸ್."

ಬೇರೆ ಊರಿನವರು ಅವತ್ತು ದನಗಳನ್ನು ದೂರಕ್ಕೆ ಅಟ್ಟಿ ಆಮೇಲೆ ಮಿಷನ್ ನಡೆಸಿ ಅನ್ನುತ್ತಿದ್ದರು. ನಾವು ಮಾತ್ರ ಅವೇ ಎದುರಿಗೆ ಇರಲಿ ಅಂದೆವು. ಆ ಹೊತ್ತಿಗೆ ಅದು ಎಷ್ಟು ಚೆಂದದ ಮಾತು ಅನ್ನಿಸಿತೆಂದರೆ, ನಾನೂ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಸಭೆ ಮುಗಿದ ಮೇಲೆ ಮಾವ ಮಾತ್ರ ಅವ್ವನ ಕೈಯಿಂದ ರೊಟ್ಟಿ ಗಂಟು ಇಸಕೊಂಡು, "ದೇವರನ್ನ ಸಾಕ್ಷಿಗೆ ಕರೀತಾರೆ. ಕರೆದ್ರೆ ಅದು ಬರ್ತೈತೆ ಅಂತ ಇವ್ರಿಗೆ ನೆನಪಿಲ್ಲ" ಎಂದು ರೊಪ್ಪದ ಕಡೆ ನಡೆದ.

ಆ ಸೋಮವಾರ ಹಾಗೆ ಬಂತು. ಟ್ರೇಲರ್ ಮೇಲೆ ಮಿಷನ್ ತಂದು ಗುಡ್ಡದ ಬುಡದಲ್ಲಿ ಇಳಿಸಿದ್ದರು. ಪೂಜೆ ಮುಗಿದಿತ್ತು. ಗಂಡಸರು ಬೇಲಿಯ ಹೊರಗೆ, ರೊಪ್ಪದ ಬಾಯಿಂದ ಸ್ವಲ್ಪ ಸರಿದು ಕೂತಿದ್ದರು. ನಾವು ಹೆಂಗಸರು ಇನ್ನೂ ಹಿಂದೆ, ರಸ್ತೆಯ ದಿಬ್ಬದ ಮೇಲೆ. ನನ್ನ ಸ್ಕೂಟರ್ ಅಲ್ಲೇ ಡಾಂಬರಿನ ಅಂಚಿಗೆ ನಿಂತಿತ್ತು. ಮಾವ ರೊಪ್ಪದ ಬಾಯಲ್ಲಿ ಕೋಲು ಊರಿಕೊಂಡು ನಿಂತಿದ್ದ.

ಮಿಷನ್ ಶುರುವಾಯಿತು. ಬಂಡೆ ಬಿದ್ದಾಗ ನೆಲ ಅಂಗಾಲಿಗೆ ಗುದ್ದಿದ ಹಾಗಾಯಿತು. ಕಾಗೆಗಳು ಎದ್ದವು, ಓಣಿಯ ನಾಯಿಗಳೆಲ್ಲ ಬೊಗಳಿದವು. ಬಾಣಂತಿಯ ಮನೆಯಲ್ಲಿ ಮಗು ಅತ್ತಿರಬೇಕು, ಆ ಗದ್ದಲದಲ್ಲಿ ನಮಗೆ ಕೇಳಿಸಲಿಲ್ಲ. ಎಲ್ಲರ ಕಣ್ಣೂ ಎತ್ತುಗಳ ದವಡೆಯ ಮೇಲೆ. ಹಣೆಗೆ ಪಟ್ಟ ಕಟ್ಟಿದ ಮುಂದಾಳು ಎತ್ತು ಕಿವಿ ತಿರುಗಿಸಿತು. ದವಡೆ ನಿಂತೇಹೋಯಿತು ಅಂದುಕೊಂಡೆ. ಇಲ್ಲ, ಮೆಲುಕು ಹಾಕುತ್ತಲೇ ಇತ್ತು, ಎಡಕ್ಕೆ, ಬಲಕ್ಕೆ, ಏನೂ ಆಗಿಲ್ಲವೆಂಬಂತೆ. ಉಳಿದವೂ ಹಾಗೇ ನಿಂತವು. ಮಿಷನ್ ಆಡಿ ಆಡಿ ನಿಂತಿತು.

"ನೋಡಿದ್ರಾ ಯಜಮಾನ್ರೇ?" ಎಂದು ಮ್ಯಾನೇಜರ್ ಕೂಗಿ ಕೇಳಿದ.

ಯಜಮಾನರು "ನೋಡಿದೆ" ಅಂದರು. ಮುಖ ಇಳಿದಿತ್ತು. ಮಾತು ಕೊಟ್ಟಾಗಿತ್ತು.

"ಆತು ಬಿಡು. ಇನ್ನ ನಮ್ಮ ಕಿವಿಗೆ ಹತ್ತಿ" ಎಂದು ಅವ್ವ ಸೆರಗು ಕೊಡವಿ ಎದ್ದಳು. ನಾನು ಫೋನ್ ನೋಡಿದೆ. ಹತ್ತು ಇಪ್ಪತ್ತು. ಕೀಲಿ ಹುಡುಕುತ್ತಿದ್ದೆ.

ಸೈರನ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಬಂಡೆ ಸಿಡಿಸುವ ಮುಂಚೆ ಜನರನ್ನು ಎಚ್ಚರಿಸಲು ಕೂಗಿಸುವಂಥದು ಅದು. ನಮ್ಮ ಸುರಕ್ಷತೆ ಎಷ್ಟು ಚೆನ್ನಾಗಿದೆಯೆಂದು ಅದನ್ನೂ ತೋರಿಸಿಬಿಡೋಣ ಅನ್ನಿಸಿತಂತೆ ಮ್ಯಾನೇಜರನಿಗೆ. ಖುಷಿಯಲ್ಲಿದ್ದ. ಗುಡ್ಡದ ಕಡೆ ಕೈ ಬೀಸಿದ. ಕೆಳದನಿಯಿಂದ ಶುರುವಾಗಿ ಏರುತ್ತಾ ಏರುತ್ತಾ ಹೋಗುವ ಕೂಗು. ಇದನ್ನು ಬರೆಯುವಾಗಲೂ ಹಲ್ಲು ಕಚ್ಚಿಕೊಳ್ಳುತ್ತಿದ್ದೇನೆ.

ಎತ್ತುಗಳು ಮೊದಲು ಹಿಂದಕ್ಕೆ, ಪಡುವಲ ಬೇಲಿಗೆ ನುಗ್ಗಿದವು. ಮುಳ್ಳು ಚುಚ್ಚಿತು, ಬೇಲಿ ಮುರಿಯಲಿಲ್ಲ. ಕರುಗಳು ಅಡಿಗೆ ಸಿಕ್ಕಿ ಅರಚಿದವು. ಆಮೇಲೆ ಇಡೀ ಮಂದೆ ಒಂದೇ ಮೈಯಾಗಿ ತಿರುಗಿತು. ಹೊರಗೆ ಹೋಗಲು ಇದ್ದದ್ದು ಒಂದೇ ಬಾಯಿ. ಆ ಬಾಯಲ್ಲಿ ಮಾವ ನಿಂತಿದ್ದ.

ಗಂಡಸರು ಎದ್ದರು. ಎದ್ದವರು ಓಡುವ ಮೊದಲು ಬಗ್ಗಿದರು. ನನಗೆ ಅದು ಏನೆಂದು ತಿಳಿಯಲಿಲ್ಲ. ಚಪ್ಪಲಿ ಬಿಚ್ಚುತ್ತಿದ್ದರು. ಅಷ್ಟು ಜನ, ಆ ಗಳಿಗೆಯಲ್ಲಿ, ಬಗ್ಗಿ ಚಪ್ಪಲಿ ಬಿಚ್ಚಿ ಜೋಡಿ ಜೋಡಿಯಾಗಿ ಪಕ್ಕಕ್ಕಿಡುತ್ತಿದ್ದರು. ಪಂಚಾಯ್ತಿಯ ಸದಸ್ಯರೊಬ್ಬರು ಸಭೆಯೆಂದು ಷೂ ಹಾಕಿಕೊಂಡು ಬಂದಿದ್ದರು. ಅವರು ಕೂತು ಲೇಸ್ ಎಳೆಯುತ್ತಿದ್ದರು. ಯಾರನ್ನೂ ತಪ್ಪು ಹೇಳುತ್ತಿಲ್ಲ. ಅವರ ಕಾಲಿಗೆ ಬೇರೆ ತಿಳಿದಿರಲಿಲ್ಲ.

ಮಾವ ಪಕ್ಕಕ್ಕೆ ಸರಿಯಲಿಲ್ಲ. ಕೈಯಲ್ಲಿದ್ದ ಕೋಲನ್ನು ಬೀಸಿ ದೂರ ಎಸೆದ. ಹೆದರಿದ ಕೈ ತಾನಾಗಿಯೇ ಅದನ್ನು ಎತ್ತೀತು, ಎತ್ತಿದ ಕೋಲು ದೇವರ ಮೈಮೇಲೆ ಬಿದ್ದೀತು, ಅದಕ್ಕೇ ಎಸೆದೆ ಎಂದು ಆಮೇಲೆ ಹೇಳಿದ. ಎರಡೂ ತೋಳು ಅಗಲಿಸಿ, "ಹೋ ನನ್ನಪ್ಪಾ, ಹೋ, ಹೋ" ಎಂದು ದಿನವೂ ಕರೆಯುವ ದನಿಯಲ್ಲೇ ಕರೆದ. ದಿನವೂ ಆ ದನಿಗೆ ನಿಲ್ಲುತ್ತಿದ್ದವು. ಧೂಳೆದ್ದಿತು. ಅವನ ಕೆಂಪು ರುಮಾಲು ಒಂದು ಕ್ಷಣ ಕಂಡಿತು, ಆಮೇಲೆ ಕಾಣಲಿಲ್ಲ.

ಅವ್ವ ಅವನ ಹೆಸರು ಹಿಡಿದು ಕರೆದಳು, ಒಂದೇ ಸಲ.

ಮಂದೆ ಬಾಯಿಂದ ಹೊರಬಿದ್ದು ಸೈರನ್ನಿನ ಕಡೆ ಹೋಗಲಾರದೆ ಬಲಕ್ಕೆ ಹೊರಳಿತು. ಬಲಕ್ಕೆ ರಸ್ತೆ. ರಾಂಪುರದ ಕಡೆಯಿಂದ ಒಂದು ತುಂಬಿದ ಲಾರಿ ಇಳಿಜಾರಿನಲ್ಲಿ ಬರುತ್ತಿತ್ತು. ನಾನು ದಿಬ್ಬ ಇಳಿದದ್ದು ನೆನಪಿಲ್ಲ. ರಸ್ತೆಯ ನಡುವೆ ನಿಂತು ದುಪಟ್ಟಾ ಬೀಸುತ್ತಿದ್ದದ್ದು ನೆನಪಿದೆ. ಬ್ರೇಕ್ ಹಾಕಿದ ಲಾರಿಯ ಹಿಂಭಾಗ ಒಂದು ಕಡೆ ಎಳೆದುಕೊಂಡು ಹೋದದ್ದು, ಟೈರು ಸುಟ್ಟ ವಾಸನೆ, ಪಕ್ಕದಲ್ಲೇ ಡಾಂಬರಿನ ಮೇಲೆ ಗೊರಸು ಜಾರುವ ಸದ್ದು. ಪಟ್ಟದ ಎತ್ತು ಜಾರಿ ಮುಂಗಾಲು ಮಡಚಿ ಬಿತ್ತು. ಲಾರಿಯ ಬಂಪರ್ ಅದರ ಕೊಂಬಿನಿಂದ ಒಂದು ಮೊಳದಲ್ಲಿ ನಿಂತಿತು.

ಚಾಲಕ ಹಾರ್ನ್ ಮಾಡಲಿಲ್ಲ. ಎಂಜಿನ್ ಆರಿಸಿಬಿಟ್ಟ. ಅಷ್ಟರಲ್ಲಿ ಸೈರನ್ ಕೂಡ ನಿಂತಿತ್ತು. ಲಾರಿಯ ಸುತ್ತ ಎತ್ತುಗಳು ನಡುಗುತ್ತ ನಿಂತವು. ಆ ಚಾಲಕ ಇಳಿದು, ಬರಿಗಾಲಲ್ಲೇ ಬಂದು ಪಟ್ಟದ ಎತ್ತಿಗೆ ಕೈ ಮುಗಿದ. ಅದು ಎದ್ದಿತು. ಹಾರ್ನ್ ಯಾಕೆ ಮಾಡಲಿಲ್ಲ ಎಂದು ನಾನು ಕೇಳಿದೆ. ಆ ಹೊತ್ತಿನಲ್ಲಿ ಕೇಳುವ ಪ್ರಶ್ನೆಯೇ ಅದು? ಆದರೂ ಕೇಳಿದೆ.

"ಅವಿ ಬೆದಿರಿನಾಯಿ ಕದಮ್ಮಾ. ಹಾರ್ನ್ ಕೊಡಿತೇ ಎಟ್ಲಾ?" ಎಂದ ತೆಲುಗಿನಲ್ಲಿ. ಬೆದರಿದ್ದಾವಲ್ಲಮ್ಮಾ, ಹಾರ್ನ್ ಹೊಡೆದರೆ ಹೇಗೆ?

ಎಲ್ಲ ಅಷ್ಟೇ. ಒಂದು ಎತ್ತೂ ಸಾಯಲಿಲ್ಲ. ಮಾವನ ಪಕ್ಕೆಲುಬು ಮುರಿದಿತ್ತು, ಹೆಗಲಿನ ಮೂಳೆಯೂ. ಮ್ಯಾನೇಜರನೇ ತನ್ನ ಕಾರಿನಲ್ಲಿ ಚಳ್ಳಕೆರೆ ಆಸ್ಪತ್ರೆಗೆ ಕರೆದೊಯ್ದ. ಕಾಲೇಜಿನಲ್ಲಿ ಕೇಳಿದವರೆಲ್ಲ, "ಸದ್ಯ, ಏನೂ ಆಗ್ಲಿಲ್ವಲ್ಲ ಮೇಡಂ" ಅಂದರು. ನಿಜ. ಏನೂ ಆಗಲಿಲ್ಲ. ಆದರೆ ನನಗೆ ಆಗುತ್ತಲೇ ಇತ್ತು. ಕುಕ್ಕರ್ ಶಿಳ್ಳೆಗೆ ಎದ್ದು ನಿಲ್ಲುತ್ತಿದ್ದೆ. ವಿದ್ಯಾರ್ಥಿಗಳು ಬೆಂಚು ಎಳೆದರೆ ಮಾತು ನಿಲ್ಲಿಸಿ ಕಿಟಕಿ ನೋಡುತ್ತಿದ್ದೆ. ಆ ಚಾಲಕ ಹಾರ್ನ್ ಹೊಡೆದಿದ್ದರೆ? ರಸ್ತೆ ಮಳೆಯಲ್ಲಿ ನೆನೆದಿದ್ದರೆ? ಮತ್ತೆ ಹತ್ತು ಇಪ್ಪತ್ತಕ್ಕೆ ಹೋಗಿ ನಿಲ್ಲುತ್ತಿದ್ದೆ.

ಆಸ್ಪತ್ರೆಯಲ್ಲಿ ಮಾವನ ತೊಂದರೆಯೇ ಬೇರೆ. ಹೊರಗೆ ಬೇಯಿಸಿದ್ದನ್ನು ಕಿಲಾರಿ ತಿನ್ನುವಂತಿಲ್ಲ. ಅವ್ವ ದಿನವೂ ಬಸ್ಸಿನಲ್ಲಿ ಮುದ್ದೆ ಸಾರು ತರುತ್ತಿದ್ದಳು, ರಾತ್ರಿ ನಾನು ಅವನ ಜೊತೆಗಿರುತ್ತಿದ್ದೆ. ಮೂಳೆ ಕೂಡಬೇಕು, ದಿನಾ ಮೊಟ್ಟೆ ತಿನ್ನಿ ಎಂದರು ಡಾಕ್ಟರು.

"ನಮ್ಮಲ್ಲಿ ಕೋಳೀನೇ ಹೊಸ್ತಿಲು ದಾಟಲ್ಲ ಸಾರ್. ಇನ್ನ ಅದ್ರ ಮೊಟ್ಟೆ ಹೆಂಗೆ ದಾಟ್ತೈತೆ?" ಎಂದ ಮಾವ.

"ಹಂಗಾದ್ರೆ ಚೆನ್ನಾಗಿ ನಿದ್ದೆನಾದ್ರೂ ಮಾಡ್ರಿ."

"ಅವು ಮಲಗ್ಲಿ, ಮಲಗ್ತೀನಿ."

ಅದೇ ಕಷ್ಟವಾಗಿತ್ತು. ಎತ್ತುಗಳು ಮಲಗುತ್ತಿರಲಿಲ್ಲ. ಊರಿನ ಇಬ್ಬರು ಗಂಡಸರು ಸರದಿಯ ಮೇಲೆ ರೊಪ್ಪ ಕಾಯುತ್ತಿದ್ದರು. ಮಾವ ಬೆಳಗಾಗುತ್ತಲೇ ನನ್ನ ಫೋನಿನಿಂದ ಅವರಿಗೆ ಕರೆ ಮಾಡಿಸುತ್ತಿದ್ದ. "ಮಲಗಿದ್ವೇನ್ಲೇ?" ಆ ಕಡೆಯಿಂದ, "ಇಲ್ಲ ಕಣಣ್ಣ, ನಿಂತೇ ಅವೆ. ಗುಡ್ಡದ ಕಡೀಗೇ ಮಾರಿ ಮಾಡ್ಕಂಡು ನಿಂತವೆ." ದಿನಗಟ್ಟಲೆ ನಿಂತ ದನ ಮೇವು ಬಿಡುತ್ತದೆ, ಕಾಲು ಬಾಯುತ್ತದೆ. ಮುದಿಯವು ಹೆಚ್ಚು ದಿನ ತಾಳುವುದಿಲ್ಲ. ಊರೂ ನಿದ್ದೆಗೆಟ್ಟಿತು. ಮಿಷನ್ ಸುಮ್ಮನೆ ಗುಡ್ಡದ ಬುಡದಲ್ಲಿತ್ತು, ಆದರೂ ಯಾರ ಮನೆಯಲ್ಲೂ ಜೋರಾಗಿ ಬಾಗಿಲು ಹಾಕುತ್ತಿರಲಿಲ್ಲ.

ಮಾವನನ್ನು ಮನೆಗೆ ಕರೆತಂದ ಮೇಲೆ ಎರಡನೆಯ ಸಭೆ ಸೇರಿತು. ಅವನೂ ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡೇ ಬಂದು ಕಂಬಕ್ಕೆ ಒರಗಿ ಕೂತ. ಯಜಮಾನರ ಪಾಡು ನೋಡುವಂತಿರಲಿಲ್ಲ.

"ನಾನು ಹೇಳಿದ್ದು ಮಿಷನ್ ಶಬ್ದಕ್ಕೆ ಅಂತ. ಮಿಷನ್ನಿಗೆ ಅವು ಮೆಲುಕು ನಿಲ್ಲಿಸ್ಲಿಲ್ಲ. ಎಲ್ರೂ ನೋಡೀರಿ. ಈಗ ನಾನು ಇಲ್ಲ ಅಂದ್ರೆ ಅವುಗಳ ಸಾಕ್ಷೀನೇ ಸುಳ್ಳು ಮಾಡ್ದಂಗೆ" ಎಂದರು.

ಮ್ಯಾನೇಜರ್ ಮೆಲ್ಲಗೆ, "ಸೈರನ್ ಒಂದನ್ನ ತೆಗೆದುಬಿಡ್ತೀವಿ. ಅದೇ ಅಲ್ವಾ ತೊಂದರೆ?" ಎಂದ.

ಒಂದಿಬ್ಬರು ತಲೆಯಾಡಿಸಿದ್ದನ್ನು ನೋಡಿ ನನಗೆ ಕೂತಿರಲಾಗಲಿಲ್ಲ. ಎದ್ದು ಕೇಳಿದೆ: ಸೈರನ್ ಇಲ್ಲದೆ ಬಂಡೆ ಸಿಡಿಸಿದರೆ ಗುಡ್ಡದ ಕೆಳಗೆ ಸೌದೆ ಆರಿಸುವವರಿಗೆ, ಕುರಿ ಮೇಯಿಸುವವರಿಗೆ ಯಾರು ಹೇಳುತ್ತಾರೆ? ಅದನ್ನು ಕೂಗಿಸುವುದು ಶೋಕಿಗಲ್ಲ, ಜೀವ ಉಳಿಸುವುದಕ್ಕೆ. ಕೂಗಿಸಿದರೆ ಎತ್ತುಗಳು ರಸ್ತೆಗೆ, ಕೂಗಿಸದಿದ್ದರೆ ನಾವು ಕಲ್ಲಿನ ಕೆಳಗೆ.

"ವಾಟ್ಸಾಪ್ ಗ್ರೂಪ್ ಮಾಡಾಣ ಮೇಡಂ. ಮುಂಚೇನೇ ಮೆಸೇಜ್ ಹಾಕ್ತೀವಿ."

"ನಂದು ಬಟನ್ ಫೋನು" ಎಂದಳು ಅವ್ವ. "ನಮ್ಮ ಕುರೀವು ಇನ್ನೂ ಹಳೇ ಮಾಡಲ್ಲು."

ಈ ಸಲ ನಗು ಸಣ್ಣದಾಗಿತ್ತು. ಮ್ಯಾನೇಜರ್ ನಗಲಿಲ್ಲ, ಮೆಸೇಜಿನಿಂದ ಆಗದೆಂದು ಅವನಿಗೂ ತಿಳಿದಿತ್ತು. ಆಗ ಮಾವ ಉಸಿರು ಹಿಡಿದು ಹಿಡಿದು ಮಾತಾಡಿದ, ಪಕ್ಕೆ ನೋಯುತ್ತಿತ್ತು.

"ಯಜಮಾನ್ರೇ, ನೀವು ಎತ್ತುಗಳನ್ನ ಕೇಳಿದ್ರಿ. ಅವು ಇನ್ನೂ ಹೇಳಿ ಮುಗಿಸಿಲ್ಲ. ನಿಂತೇ ಅವೆ. ಅವು ಮಲಗೋ ತನಕ ನೀವು ಆತು ಅನ್ನಂಗಿಲ್ಲ, ಇಲ್ಲ ಅನ್ನಂಗೂ ಇಲ್ಲ. ಆ ಮಿಷನ್ ಕಣ್ಣಿಗೆ ಕಾಣಂಗಿದ್ರೆ ಅವು ಮಲಗಲ್ಲ."

ಯಜಮಾನರ ಮುಖಕ್ಕೆ ಒಂದಿಷ್ಟು ಜೀವ ಬಂತು. "ಕೇಳಿದ್ರಲ್ಲ" ಎಂದರು ಮ್ಯಾನೇಜರನಿಗೆ. ಮರುದಿನವೇ ಟ್ರೇಲರ್ ಬಂದು ಮಿಷನ್ ಹೊತ್ತುಕೊಂಡು ಹೋಯಿತು. ಹಾರ್ನ್ ಮಾಡದೆ ಹೋಯಿತು ಎನ್ನುವುದನ್ನು ಊರು ಗಮನಿಸಿತು.

ಮಿಷನ್ ಹೋದರೂ ಎತ್ತುಗಳು ಮಲಗಲಿಲ್ಲ. ಒಂದು ಸಂಜೆ ಮಾವ ನನ್ನ ಸ್ಕೂಟರಿನ ಹಿಂದೆ ಕೂತು ರೊಪ್ಪಕ್ಕೆ ಬಂದ. ನಾನು ಬೇಲಿಯ ಆಚೆ ನಿಂತೆ. ಅವನು ಒಳಗೆ ಹೋಗಿ ಪಟ್ಟದ ಎತ್ತಿನ ಕೊರಳ ಕೆಳಗಿನ ಗಂಗೆದೊಗಲು ಸವರುತ್ತ, ಅದು ನೋಡುತ್ತಿದ್ದ ಕಡೆಯೇ ನೋಡುತ್ತ ನಿಂತ. ಬಾಯಿಗೆ ಎದುರಾಗಿ ಗುಡ್ಡ. ಆಮೇಲೆ ಯಜಮಾನರನ್ನು ಕರೆಸಿ, ಈ ಬಾಯಿ ಮುಚ್ಚಿ ಪಡುವಲಕ್ಕೆ ತೆಗೆಯಬೇಕು ಎಂದ.

"ಏನೋ ನೀನು ಹೇಳೋದು? ಯಾವ ಕಾಲದಾಗೂ ಪಡುವಲಕ್ಕೆ ಬಾಯಿ ಇರ್ಲಿಲ್ಲ."

"ಯಾವ ಕಾಲದಾಗೂ ಸೈರನ್ ಇರ್ಲಿಲ್ಲರೀ."

ಯಜಮಾನರು ರೊಪ್ಪವನ್ನು ಒಂದು ಸುತ್ತು ಹಾಕಿದರು. ಪಡುವಲ ಬೇಲಿಯ ಮುಳ್ಳುಗಳಲ್ಲಿ ಇನ್ನೂ ಬಿಳಿ ಕೂದಲು ಸಿಕ್ಕಿಕೊಂಡಿತ್ತು, ಒಣಗಿದ ರಕ್ತವೂ ಇತ್ತು. ಅವು ಮೊದಲು ನುಗ್ಗಿದ್ದು ಅಲ್ಲಿಗೇ. ಅಲ್ಲಿ ಬಾಯಿ ಇದ್ದಿದ್ದರೆ ಕಾವಲಿಗೆ ಬಿದ್ದಿರುತ್ತಿದ್ದವು, ರಸ್ತೆಗಲ್ಲ. ಅವರು ಅಲ್ಲೇ ಚಪ್ಪಲಿ ಬಿಟ್ಟು, ಬಗ್ಗಿ, ಒಂದು ಮುಳ್ಳಿನ ಕೊಂಬೆಯನ್ನು ತಾವೇ ಎಳೆದರು. ಅಷ್ಟು ಸಾಕಾಯಿತು. ಊರ ಗಂಡಸರೆಲ್ಲ ಸೇರಿ ಕತ್ತಲಾಗುವುದರೊಳಗೆ ಮೂಡಲ ಬಾಯಿ ಮುಚ್ಚಿ ಪಡುವಲ ಬಾಯಿ ತೆಗೆದರು. ಹಳೆಯ ಬಾಯ ಪಕ್ಕ ನೆಟ್ಟಿದ್ದ ಪೂಜೆಯ ಕಲ್ಲನ್ನು ಕಿತ್ತು ಹೊಸ ಬಾಯಲ್ಲಿ ನೆಟ್ಟು ಅರಿಶಿನದ ಭಂಡಾರ ಹಚ್ಚಿದರು.

"ಕಂಬಳಿ ತಂದಿದೀಯೇನವ್ವ?" ಎಂದು ಮಾವ ನನ್ನನ್ನು ಕೇಳಿದ. ಡಾಕ್ಟರು ಮಂಚದ ಮೇಲೆ ಮಲಗಲು ಹೇಳಿದ್ದರೆಂದು ನೆನಪಿಸಿದೆ. "ಡಾಕ್ಟರು ಚೆನ್ನಾಗಿ ನಿದ್ದೆ ಮಾಡು ಅಂದವ್ರೆ. ಅದಕ್ಕೇ ಇಲ್ಲಿಗೆ ಬಂದೀನಿ" ಎಂದ. ಅವ್ವ ಕಂಬಳಿಯನ್ನು ಮೊದಲೇ ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟಿದ್ದಳು.

ಕಂಪನಿಯವರು ಮತ್ತೆ ಒಪ್ಪಿಗೆ ಕೇಳಲು ಬರಲಿಲ್ಲ, ಇನ್ನೊಂದು ಕಡೆ ಗುಡ್ಡ ನೋಡುತ್ತಿದ್ದಾರಂತೆ. ಎಲ್ಲಿ, ಯಾವ ಊರ ಮಗ್ಗುಲಿಗೆ ಎಂದು ನನಗೆ ಗೊತ್ತಿಲ್ಲ. ಅಲ್ಲಿಯೂ ಯಾರದೋ ಕುರಿಯೋ ಕೂಸೋ ಇದ್ದೇ ಇರುತ್ತದೆ ಅನ್ನಿಸಿ ಸಂಕಟವಾಗುತ್ತದೆ. ನಮ್ಮ ಗುಡ್ಡದ ಬುಡದಲ್ಲಿ ಮಿಷನ್ ಇಟ್ಟಿದ್ದ ಜಾಗ ಇನ್ನೂ ಚೌಕಾಕಾರದಲ್ಲಿ ಬೋಳಾಗಿದೆ. ಕಾಲೇಜಿಗೆ ಹೋಗುವಾಗ ಅತ್ತ ನೋಡುವುದಿಲ್ಲ ಅಂದುಕೊಂಡೇ ನೋಡುತ್ತೇನೆ.

ಬಾಯಿ ತಿರುಗಿಸಿದ ಮರುದಿನ ನನಗೆ ಎಚ್ಚರವಾದಾಗ ಕಿಟಕಿಯಿಂದ ಬಿಸಿಲು ಬಂದು ನನ್ನ ಕಾಲಿನ ಮೇಲೆ ಬಿದ್ದಿತ್ತು. ಏನೋ ತಪ್ಪಾಗಿದೆ ಎಂದು ಗಾಬರಿಯಾಗಿ ಎದ್ದು ಕೂತೆ. ಒಲೆ ಹೊತ್ತಿರಲಿಲ್ಲ. ಅವ್ವ ಗೋಡೆಯ ಕಡೆ ಮುಖ ಮಾಡಿ, ಬಾಯಿ ತೆರೆದುಕೊಂಡು ಇನ್ನೂ ಗೊರಕೆ ಹೊಡೆಯುತ್ತಿದ್ದಳು. ಅವಳನ್ನು ಎಬ್ಬಿಸದೆ ರೊಪ್ಪಕ್ಕೆ ನಡೆದುಕೊಂಡೇ ಹೋದೆ, ಸ್ಕೂಟರ್ ಶುರು ಮಾಡಲು ಮನಸ್ಸಾಗಲಿಲ್ಲ. ಬೇಲಿಯ ಮೇಲಿಂದ ನೋಡಿದರೆ ಎತ್ತುಗಳು ಕಾಲು ಮಡಚಿ ಸೆಗಣಿಯ ನೆಲದ ಮೇಲೆ ಮಲಗಿದ್ದವು, ಎಲ್ಲವೂ, ಕರುಗಳ ಸಮೇತ. ಮೇಯಲು ಹೊರಡುವ ಹೊತ್ತು ಮೀರಿತ್ತು. ಅವನ್ನು ಹೊರಡಿಸಬೇಕಾದವನು ಹೊಸ ಬಾಯಲ್ಲಿ, ಕಲ್ಲಿಗೆ ತಲೆಕೊಟ್ಟು, ಕಂಬಳಿ ಮುಸುಕು ಹಾಕಿಕೊಂಡು ಮಲಗಿದ್ದ.